‘ಕೋರ್ಟು ಹೇಳಲಿ’ ಎನ್ನುವ ಮುಂಚೆಯೇ ನಾವು ಕೊಟ್ಟ ತೀರ್ಪು

ಮಡಿಕೇರಿಯ ನನ್ನ ಆಪ್ತಸಮಾಲೋಚನಾ ಕೋಣೆಗೆ ಸಿನಿಮಾ ನಟರ ಬಗ್ಗೆ ಮಾತಾಡೋಣವೆಂದು ಯಾರೂ ಬರುವುದಿಲ್ಲ. ನಿದ್ದೆ ಬರುತ್ತಿಲ್ಲ, ಗಂಡನ ಕುಡಿತ ಮಿತಿಮೀರಿದೆ, ಮಗ ಕಾಲೇಜಿಗೆ ಹೋಗುತ್ತಿಲ್ಲ ಅಂತ ಬರುತ್ತಾರೆ. ಆದರೆ 2024ರ ಮಳೆಗಾಲದಲ್ಲಿ ಮಾತು ಎಲ್ಲಿಂದ ಶುರುವಾದರೂ ಎರಡು ಸುದ್ದಿಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತಿತ್ತು. ಒಂದು, ಹಾಸನದ ಪೆನ್‌ಡ್ರೈವ್, ಅಂದರೆ ಅಲ್ಲಿನ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಚಿತ್ರಿಸಿಕೊಂಡಿದ್ದರು ಎನ್ನಲಾದ ಲೈಂಗಿಕ ದೌರ್ಜನ್ಯದ ವಿಡಿಯೊಗಳು ಹರಡಿದ ಸುದ್ದಿ. ಇನ್ನೊಂದು, ನಟ ದರ್ಶನ್ ಅವರ ಗೆಳತಿಗೆ ಅಶ್ಲೀಲ ಮೆಸೇಜ್ ಕಳಿಸಿದ್ದ ಎನ್ನಲಾದ ಚಿತ್ರದುರ್ಗದ ಯುವಕನ ಕೊಲೆ ಪ್ರಕರಣದಲ್ಲಿ ದರ್ಶನ್ ಬಂಧನ.

ಗೋಣಿಕೊಪ್ಪದ ಕಡೆಯ ತಾಯಿಯೊಬ್ಬರು ಹತ್ತೊಂಬತ್ತರ ಮಗನನ್ನು ಕರೆದುಕೊಂಡು ಬಂದಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಹುಡುಗನ ಬೈಕಿನ ಹಿಂದೆ 6106 ಎಂಬ ಸ್ಟಿಕ್ಕರ್. ಪರಪ್ಪನ ಅಗ್ರಹಾರ ಜೈಲಿನಲ್ಲಿ ಆ ನಟನಿಗೆ ಕೊಟ್ಟ ವಿಚಾರಣಾಧೀನ ಕೈದಿ ಸಂಖ್ಯೆ ಅದು. ಆಗ ಆಟೊಗಳ ಗಾಜಿನ ಮೇಲೆ, ತೋಳಿನ ಹಚ್ಚೆಯಲ್ಲಿ, ಕೊನೆಗೆ ಹಸುಗೂಸಿಗೆ ಹೊಲಿಸಿದ ಕೈದಿಯ ಬಟ್ಟೆಯ ಮೇಲೂ ಆ ಸಂಖ್ಯೆ ಕಾಣಿಸಿಕೊಂಡಿತ್ತು. “ಬಾಸ್ ಅಂಥವ್ರಲ್ಲ ಮೇಡಂ” ಅಂದ ಹುಡುಗ. ಎರಡು ನಿಮಿಷ ಬಿಟ್ಟು, “ಮಾಡಿದ್ರೂ ತಪ್ಪೇನು? ಅಂಥ ಮೆಸೇಜ್ ಕಳಿಸಿದ್ರೆ ಯಾರ್ ಸುಮ್ನಿರ್ತಾರೆ?” ಆಮೇಲೆ, “ಕೋರ್ಟು ಹೇಳ್ಲಿ ಬಿಡಿ, ನಾವ್ಯಾರು ಹೇಳೋಕೆ.”

ಮೂರೂ ಮಾತು ಒಟ್ಟಿಗೆ ನಿಲ್ಲುವುದಿಲ್ಲ. ಮಾಡಿಲ್ಲ ಅಂದಮೇಲೆ ಮಾಡಿದ್ದು ಸರಿ ಎಂದು ವಾದಿಸುವ ಅಗತ್ಯವೇ ಇಲ್ಲ. ಕಾರಣಗಳು ಹೀಗೆ ಒಂದರ ಕಾಲನ್ನು ಇನ್ನೊಂದು ಎಳೆಯುತ್ತಿವೆ ಅಂದರೆ ತೀರ್ಮಾನ ಮೊದಲೇ ಆಗಿಹೋಗಿದೆ, ಕಾರಣಗಳನ್ನು ಆಮೇಲೆ ಹುಡುಕಲಾಗುತ್ತಿದೆ ಎಂದರ್ಥ. ವಾದದಲ್ಲಿ ಅವನನ್ನು ಸೋಲಿಸುವುದೇನೂ ಕಷ್ಟವಿರಲಿಲ್ಲ. ತಾಯಿ ಮನೆಯಲ್ಲಿ ದಿನಾ ಅದನ್ನೇ ಮಾಡುತ್ತಿದ್ದರು, ಅದಕ್ಕೇ ಅವನು ಊಟವನ್ನೂ ಹೊರಗೇ ಮುಗಿಸಿಕೊಂಡು ಬರುತ್ತಿದ್ದ.

ನಾನು ಅವನ ಗೆಳೆಯರ ಬಗ್ಗೆ ಕೇಳಿದೆ. ಪ್ರತಿ ವರ್ಷ ನಟನ ಹುಟ್ಟುಹಬ್ಬಕ್ಕೆ ಇವರ ಗುಂಪು ರಕ್ತದಾನ ಶಿಬಿರ ಮಾಡಿಸುತ್ತದೆ, ಅನ್ನದಾನ ಮಾಡುತ್ತದೆ, ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟುತ್ತದೆ. ಫ್ಲೆಕ್ಸಿನ ಕೊನೆಯ ಸಾಲಿನಲ್ಲಿ ಅಂಚೆಚೀಟಿಯಷ್ಟು ಗಾತ್ರದ ಇವನ ಫೋಟೊ, ಅಡಿಯಲ್ಲಿ ಹೆಸರು. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬಿಟ್ಟರೆ ಅವನ ಹೆಸರು ಅಚ್ಚಾಗಿದ್ದು ಅಲ್ಲೇ. ತಂದೆ ಮನೆಯಲ್ಲಿದ್ದೂ ಇಲ್ಲದವರು. ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದದ್ದು ಆ ಗುಂಪಿನ ಹುಡುಗರು. ಸ್ಟಿಕ್ಕರ್ ಕಿತ್ತರೆ ನಟನಿಗೆ ಆಗುವ ನಷ್ಟ ಏನೂ ಇಲ್ಲ, ಇವನಿಗೆ ಮಾತ್ರ ಗುಂಪೇ ಕೈಬಿಟ್ಟುಹೋಗುತ್ತದೆ. ಅಲ್ಲಿಗೆ ಅವನು ಕಾಪಾಡುತ್ತಿರುವುದು ಯಾರನ್ನು?

ಪ್ರಸಿದ್ಧರನ್ನು ನಾವು ಕ್ಷಮಿಸುವುದು ಅವರ ಮೇಲಿನ ಪ್ರೀತಿಯಿಂದ ಅನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ. ಅವರ ಮೇಲೆ ನಾವು ಏನನ್ನು ಕಟ್ಟಿಕೊಂಡಿದ್ದೇವೋ ಅದು ಬೀಳದಿರಲಿ ಅಂತ ಅವರನ್ನು ಹಿಡಿದು ನಿಲ್ಲಿಸುತ್ತೇವೆ. ಒಪ್ಪಿಕೊಂಡ ನಂಬಿಕೆಗೂ ಎದುರಿಗೆ ಬಂದು ನಿಂತ ಸಂಗತಿಗೂ ತಾಳೆಯಾಗದಿದ್ದಾಗ ಮನಸ್ಸು ಕಿರಿಕಿರಿಗೊಳ್ಳುತ್ತದೆ, ಆಗ ನಂಬಿಕೆಯನ್ನು ಬಿಡುವ ಬದಲು ಸಂಗತಿಯನ್ನೇ ತಿರುಚುತ್ತದೆ ಎಂದು ಲಿಯಾನ್ ಫೆಸ್ಟಿಂಜರ್ 1957ರಲ್ಲೇ ವಿವರಿಸಿದ್ದರು. ನಂಬಿಕೆಗೆ ಎಷ್ಟು ಖರ್ಚು ಮಾಡಿದ್ದೇವೋ ತಿರುಚಾಟವೂ ಅಷ್ಟು.

ಇನ್ನೊಂದು ಹಳೆಯ ಸಂಗತಿ ಸೈನಿಕರ ಜಿಲ್ಲೆಯಾದ ನಮಗೆ ಬೇಗ ಅರ್ಥವಾಗುತ್ತದೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗೆ ಬೇರೆ ಬೇರೆಯಾಗಿ ಕೊಟ್ಟ ಅಂಕಗಳನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಪರಿಶೀಲಿಸಿ 1920ರಲ್ಲಿ ಬರೆದರು. ಒಂದರಲ್ಲಿ ಒಳ್ಳೆಯ ಅಂಕ ಬಂದವನಿಗೆ ಎಲ್ಲದರಲ್ಲೂ ಒಳ್ಳೆಯ ಅಂಕವೇ ಬಿದ್ದಿತ್ತು. ಎದೆಯಗಲಕ್ಕೂ ನಡತೆಗೂ ಏನು ಸಂಬಂಧ? ಹಾಕಿ ಸ್ಟಿಕ್ ಹಿಡಿದು ಎದುರಾಳಿಯನ್ನು ತಪ್ಪಿಸುವುದರಲ್ಲಿ ನಿಪುಣನಾದವನು ಮನೆಯಲ್ಲಿ ಹೆಂಡತಿಯನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ನಾವು ಲೆಕ್ಕ ಹಾಕುವುದೂ ಇದೇ ಜಾಡಿನಲ್ಲಿ. ನಿವೃತ್ತ ಸೈನಿಕರೊಬ್ಬರಿಗೆ ಇದನ್ನು ಹೇಳಿದಾಗ, ಇದಕ್ಕೆ ಅಧ್ಯಯನ ಬೇರೆ ಬೇಕಾ ಅಂತ ನಕ್ಕುಬಿಟ್ಟರು.

ಕ್ಷಮಿಸುವವರಲ್ಲೂ ಎರಡು ಬಗೆ. ‘ಅದೇನು ಅಷ್ಟು ದೊಡ್ಡ ತಪ್ಪಲ್ಲ’ ಎನ್ನುವವರು ಒಂದು. ‘ತಪ್ಪು ತಪ್ಪೇ, ಆದರೆ ಅವನ ನಟನೆ ಬೇರೆ, ನಡತೆ ಬೇರೆ’ ಎನ್ನುವವರು ಇನ್ನೊಂದು. 2013ರಲ್ಲಿ ಅಮೆರಿಕದ ಸಂಶೋಧಕರು ಈ ಎರಡು ದಾರಿಗಳನ್ನು ಬಿಡಿಸಿ ತೋರಿಸಿದರು. ಎರಡನೆಯ ದಾರಿಯಲ್ಲಿ ನಡೆಯುವವರಿಗೆ ಅಷ್ಟು ಮುಜುಗರವೂ ಆಗುವುದಿಲ್ಲವಂತೆ. ಆ ಎರಡನೆಯವರ ಮೇಲೆ ನನಗೆ ಸಿಟ್ಟಿಲ್ಲ. ಹಳೆಯ ಸಿನಿಮಾ ನೋಡಿಕೊಳ್ಳಲಿ, ಹಾಡು ಕೇಳಲಿ. ಕಷ್ಟ ಇರುವುದು ಮೊದಲನೆಯವರದು. ತಪ್ಪನ್ನು ಚಿಕ್ಕದು ಮಾಡಲು ಹೊರಟವರು ಅಲ್ಲಿಗೇ ನಿಲ್ಲುವುದಿಲ್ಲ, ದೂರು ಕೊಟ್ಟವಳನ್ನೂ ಚಿಕ್ಕವಳು ಮಾಡಲೇಬೇಕಾಗುತ್ತದೆ.

‘ಎಷ್ಟು ದಾನಧರ್ಮ ಮಾಡಿದ್ದಾರೆ, ಅದೂ ನೋಡಬೇಕಲ್ವಾ’ ಎಂಬ ಮಾತು ಬಂದಾಗಲೆಲ್ಲ ನಾನು ಬ್ರಿಟನ್ನಿನ ಜಿಮ್ಮಿ ಸಾವಿಲ್ ಕಥೆ ಹೇಳುತ್ತೇನೆ. ಬಿಬಿಸಿಯ ಮನೆಮಾತಾದ ನಿರೂಪಕ. ಆಸ್ಪತ್ರೆಗಳಿಗಾಗಿ ಕೋಟಿಗಟ್ಟಲೆ ಹಣ ಎತ್ತಿಕೊಟ್ಟವನು, ಸರ್ ಬಿರುದು ಪಡೆದವನು. 2011ರಲ್ಲಿ ತೀರಿಕೊಂಡಾಗ ಊರೇ ಗೌರವ ಸಲ್ಲಿಸಿತು. ಮರುವರ್ಷ ಒಬ್ಬೊಬ್ಬರಾಗಿ ಹೆಂಗಸರು ಬಾಯಿಬಿಟ್ಟರು. 2013ರ ಜನವರಿಯ ಪೊಲೀಸ್ ವರದಿಯ ಹೊತ್ತಿಗೆ ಸುಮಾರು 450 ಮಂದಿ ಮಾಹಿತಿ ಕೊಟ್ಟಿದ್ದರು, 214 ಅಪರಾಧಗಳು ದಾಖಲಾಗಿದ್ದವು. ಬಲಿಯಾದವರಲ್ಲಿ ಹೆಚ್ಚಿನವರು ಮಕ್ಕಳು. ಅವರಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವರೂ ಇದ್ದರು. ಅವನು ಆ ವಾರ್ಡುಗಳ ಒಳಗೆ ಹೋಗಿದ್ದು ಹೇಗೆ? ದಾನಿಯಾಗಿ. ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಹಣ ತಂದುಕೊಟ್ಟವನಿಗೆ ಅಲ್ಲಿ ತಡೆಯೇ ಇರಲಿಲ್ಲ. ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಂತೂ ಅವನ ಕೈಗೇ ಬೀಗದಕೈ ಕೊಟ್ಟಿದ್ದರು. ಅವನ ದಾನವನ್ನು ಒಂದು ತಟ್ಟೆಗೂ ಅಪರಾಧವನ್ನು ಇನ್ನೊಂದು ತಟ್ಟೆಗೂ ಹಾಕಿ ತೂಗಲು ಬರುವುದಿಲ್ಲ. ಎರಡೂ ಒಂದೇ ಬಾಗಿಲಿನಿಂದ ಒಳಗೆ ಬಂದವು.

ನಟರು ದೂರದವರು. ನನ್ನ ಕೆಲಸದಲ್ಲಿ ಎದುರಾಗುವ ‘ದೊಡ್ಡವರು’ ತಾಲ್ಲೂಕಿನ ಒಳಗಿನವರೇ. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟವರು, ಟೂರ್ನಮೆಂಟಿಗೆ ಕಪ್ ಕೊಡುವವರು, ಯಾವ ಮದುವೆಗೆ ಹೋದರೂ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗುವವರು. ಸಿದ್ದಾಪುರದ ಕಡೆಯ ಎಸ್ಟೇಟಿನ ಲೈನ್‌ಮನೆಯ (ಕೂಲಿಕಾರರ ಸಾಲುಮನೆ) ಹೆಂಗಸೊಬ್ಬಳು ಅಂಥ ಒಬ್ಬರ ಮನೆಗೆಲಸಕ್ಕೆ ಹೋಗುತ್ತಿದ್ದಳು. ಆದದ್ದನ್ನು ಅವಳು ಮೊದಲು ಹೇಳಿದ್ದು ಪಕ್ಕದ ಮನೆಯವಳಿಗೆ. ಸಿಕ್ಕ ಉತ್ತರ: “ಸಾಹುಕಾರ್ರಿಂದ ಊರಿಗೆ ಎಷ್ಟು ಉಪಕಾರ ಆಗಿದೆ. ನಿನ್ನಿಂದ ಏನಾಗಿದೆ?”

ಹಾಗೆ ಕೇಳಿದವಳನ್ನೂ ನಾನು ಬೈಯಲಾರೆ. ಅವಳ ತಲೆಯ ಮೇಲಿನ ಸೂರು ಎಸ್ಟೇಟಿನದು. ಮಗಳ ಮದುವೆಗೆ ತೆಗೆದುಕೊಂಡ ಅಡ್ವಾನ್ಸ್ ಇನ್ನೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿದೆ. ರಾತ್ರಿ ಹೊತ್ತು ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಹೋಗುವುದು ಸಾಹುಕಾರರ ಜೀಪಿನಲ್ಲೇ. ನಂಬುವ ಶಕ್ತಿ ಅವಳಿಗಿರಲಿಲ್ಲ, ನಂಬಿದರೆ ಕೂಲಿ ಹೋಗುತ್ತದೆ. ಅಭಿಮಾನಿ ಹುಡುಗನದು ಗುಂಪಿನ ಲೆಕ್ಕವಾದರೆ ಇವಳದು ಹೊಟ್ಟೆಪಾಡಿನ ಲೆಕ್ಕ. ಆದರೆ ಅಡ್ವಾನ್ಸೂ ಇಲ್ಲದ, ಸ್ವಂತ ತೋಟ, ಸ್ವಂತ ಜೀಪು ಇರುವವರೂ ಅದೇ ಮಾತಾಡುತ್ತಾರಲ್ಲ, ಅವರದು ಯಾವ ಲೆಕ್ಕ? ಅಲ್ಲಿ ಬರುವುದು ‘ನಮ್ಮ ಜನ’ ಎಂಬ ಮಾತು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಜಿಲ್ಲೆ ನಮ್ಮದು, ಹೆಚ್ಚಿನವರು ಒಂದಲ್ಲ ಒಂದು ಸುತ್ತಿನಲ್ಲಿ ನಂಟರೇ. ಒಬ್ಬನ ಮೇಲೆ ಬಂದ ಆರೋಪ ಇಡೀ ಮನೆತನದ, ಇಡೀ ಜನಾಂಗದ ಮಾನಕ್ಕೆ ತಗಲಿದಂತೆ ಕಾಣುತ್ತದೆ. ಕೊಡವರು, ಅರೆಭಾಷೆ ಗೌಡರು, ಮಲಯಾಳಿಗಳು, ಮುಸ್ಲಿಮರು ಎಲ್ಲರೂ ಬೇರೆ ಬೇರೆ ಭಾಷೆಯಲ್ಲಿ ಇದನ್ನೇ ಹೇಳಿದ್ದನ್ನು ಕೇಳಿದ್ದೇನೆ. ‘ಮನೆ ಮರ್ಯಾದೆ ಬೀದಿಗೆ ತರಬೇಡ.’

ಕೆಲವೊಮ್ಮೆ ಕ್ಷಮಿಸಲು ಬಾಯಿ ತೆರೆಯುವುದೂ ಬೇಡ, ಕುತೂಹಲ ಬೇರೆಕಡೆ ತಿರುಗಿದರೆ ಸಾಕು. ಕೊಡ್ಲಿಪೇಟೆ, ಶನಿವಾರಸಂತೆ ಕಡೆಯವರಿಗೆ ಹಾಸನ ಜಿಲ್ಲೆ ಬೇಲಿಯಾಚೆ. ಪೆನ್‌ಡ್ರೈವ್ ಸುದ್ದಿ ಹಬ್ಬಿದಾಗ ಆ ಕಡೆಯಿಂದ ಬಂದವರು ಹೇಳುತ್ತಿದ್ದದ್ದು, ಟೀ ಅಂಗಡಿಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ: ವಿಡಿಯೊದಲ್ಲಿ ಇರುವವರು ಯಾರು, ಯಾವ ಊರಿನವರು? ಚಿತ್ರಿಸಿದವನ ಬಗ್ಗೆ ಪ್ರಶ್ನೆಯೇ ಇಲ್ಲ. ಮೊಬೈಲಿಂದ ಮೊಬೈಲಿಗೆ ಅದನ್ನು ದಾಟಿಸಿದವರು ತಾವೂ ಏನೋ ಮಾಡಿದ್ದೇವೆಂದು ಇವತ್ತಿಗೂ ಅಂದುಕೊಂಡಿಲ್ಲ.

ಈಗ ‘ಕೋರ್ಟು ಹೇಳಲಿ’ ಎಂಬ ಮಾತಿಗೆ ಬರೋಣ. ಕೇಳಲು ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ, ಸರಿ. ಆದರೆ ಅದು ಶಿಕ್ಷೆ ಕೊಡುವ ಅಧಿಕಾರ ಇರುವ ಸರ್ಕಾರವನ್ನು, ನ್ಯಾಯಾಧೀಶರನ್ನು ಕಟ್ಟಿಹಾಕುವ ನಿಯಮ. ‘ಕೋರ್ಟು ಹೇಳಲಿ’ ಎಂದವರೇ ಅದೇ ಉಸಿರಿನಲ್ಲಿ ‘ಅವಳು ದುಡ್ಡಿಗಾಗಿ ಮಾಡಿದ್ದು’ ಅನ್ನುತ್ತಾರೆ. ಅಂದರೆ ದೂರುದಾರಳು ಸುಳ್ಳಿ ಎಂದು ಸಾಕ್ಷಿ, ವಿಚಾರಣೆ ಒಂದೂ ಇಲ್ಲದೆ ತೀರ್ಪು ಬರೆದಾಯಿತು. ಆಮೇಲೆ ಕೋರ್ಟು ನಿಜಕ್ಕೂ ಹೇಳಿದಾಗ ಏನಾಯಿತು? 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ಕೊಟ್ಟಿದ್ದು ಮನೆಗೆಲಸದ ಹೆಂಗಸು. ‘ಎಲ್ಲಾ ರಾಜಕೀಯ’ ಎಂಬ ಮಾತು ನಾನು ಕೇಳಿದ್ದು ತೀರ್ಪು ಬಂದ ಮೇಲೆ. ಅದೇ ತಿಂಗಳ 14ರಂದು ಸುಪ್ರೀಂ ಕೋರ್ಟ್ ದರ್ಶನ್ ಜಾಮೀನು ರದ್ದುಮಾಡಿತು. ಜಾಮೀನು ರದ್ದಾದರೆ ಅಪರಾಧ ಸಾಬೀತಾದಂತಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕೋರ್ಟಿನ ಮಾತಿಗೆ ಕಾಯುತ್ತಿದ್ದೇವೆ ಎಂದಿದ್ದವರು ಆವತ್ತು ಕೋರ್ಟನ್ನೇ ಬೈದರು.

ಈ ತಾಳ್ಮೆ ಎಲ್ಲರಿಗೂ ಸಿಗುತ್ತದೆಯೇ? ಕುಶಾಲನಗರದ ಕಡೆಯ ಬುಡಕಟ್ಟಿನ ಕೂಲಿಕಾರನೊಬ್ಬನ ಹೆಂಡತಿ 2020ರಲ್ಲಿ ಕಾಣೆಯಾದಳು. ಮೈಸೂರು ಜಿಲ್ಲೆಯಲ್ಲಿ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ತೀರ್ಮಾನಿಸಿ ಗಂಡನನ್ನು ಕೊಲೆ ಆರೋಪದಲ್ಲಿ ಹಿಡಿದರು. ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ನಮ್ಮ ಮಡಿಕೇರಿಯ ಹೋಟೆಲೊಂದರಲ್ಲಿ ಕುಳಿತಿದ್ದದ್ದು ಅವನ ಗೆಳೆಯರ ಕಣ್ಣಿಗೆ ಬಿತ್ತು. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅವನು ಒಳಗಿದ್ದಷ್ಟು ದಿನ ಜೈಲಿನ ಮುಂದೆ ಜೈಕಾರ ಕೂಗಿದವರಿಲ್ಲ, ಅವನ ಕೈದಿ ಸಂಖ್ಯೆಯನ್ನು ಬೈಕಿಗೆ ಅಂಟಿಸಿಕೊಂಡವರಿಲ್ಲ. ‘ಕುಡಿದು ಹೊಡೆದು ಸಾಯಿಸಿರ್ತಾನೆ’ ಎಂದು ಅಂದುಕೊಂಡವರಲ್ಲಿ ಓದಿದವರೂ ಇದ್ದರು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಕಣದಿಂದ ಒಂದು ಚೀಲ ಕಾಣೆಯಾಗಲಿ, ಲೈನ್‌ಮನೆಯ ಯಾವ ಹುಡುಗ ಕದ್ದದ್ದು ಎಂದು ಸಂಜೆಯೊಳಗೆ ತೀರ್ಮಾನ ಆಗಿರುತ್ತದೆ. ಆಗ ‘ಕೋರ್ಟು ಹೇಳಲಿ’ ಅಂದವರನ್ನು ನಾನು ನೋಡಿಲ್ಲ.

ಮನೆಯವರಿಗೆ ನಾನು ಹೇಳುವುದು ಇಷ್ಟು. ಅಭಿಮಾನಿ ಮಗನ ಜೊತೆ ನಟ ತಪ್ಪಿತಸ್ಥನೋ ಅಲ್ಲವೋ ಎಂದು ಜಗಳ ಆಡಬೇಡಿ. ‘ಏನು ಸಿಕ್ಕರೆ ನಿನ್ನ ಅಭಿಪ್ರಾಯ ಬದಲಾಗುತ್ತೆ?’ ಅಂತ ಒಂದು ಸಲ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ಟಿವಿಯಲ್ಲಿ ಇಂಥ ಸುದ್ದಿ ಬಂದಾಗ ‘ಗೊತ್ತಿಲ್ಲ, ನೋಡೋಣ’ ಅಂದರೆ ಸಾಕು. ದೂರು ಕೊಟ್ಟವಳ ಬಗ್ಗೆ ಊಟದ ಹೊತ್ತಿನಲ್ಲಿ ಆಡುವ ಮಾತನ್ನು ಮನೆಯ ಹೆಣ್ಣುಮಕ್ಕಳು ಗಂಡುಮಕ್ಕಳು ಇಬ್ಬರೂ ಕೇಳಿಸಿಕೊಳ್ಳುತ್ತಿರುತ್ತಾರೆ. ಟ್ಯೂಷನ್ ಮೇಷ್ಟ್ರ ವಿಷಯವನ್ನು ಎರಡು ವರ್ಷ ಮನೆಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳು ಕಾರಣ ಕೇಳಿದಾಗ ಹೇಳಿದ್ದು ಅಪ್ಪನ ಒಂದು ವಾಕ್ಯವನ್ನು. ಅದು ಯಾರೋ ನಟಿಯ ಬಗ್ಗೆ ಅವರು ಆಡಿದ್ದು.

“ಹೆಸರು ಹೇಳದೆ ಮಾತಾಡಬಹುದಾ ಮೇಡಂ?” ಎಂದು ಕೇಳುವವರು ತುಂಬ ಮಂದಿ, ಆ ಹೆಸರು ಊರಿಗೆಲ್ಲ ಗೊತ್ತಿರುವುದಾದರೆ ಇನ್ನೂ ಹೆಚ್ಚು. ವಯಸ್ಕರು ಹಾಗೆ ಮಾತಾಡಬಹುದು, ದೂರು ಕೊಡುವುದು ಬಿಡುವುದು ಅವರ ಇಷ್ಟ. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು. ಆದರೆ ವಿಷಯ ಹದಿನೆಂಟು ತುಂಬದ ಮಗುವಿನದಾದರೆ ನಾನು ಮೊದಲೇ ಹೇಳಿಬಿಡುತ್ತೇನೆ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು. ಇದು ನನಗೂ ಅನ್ವಯಿಸುತ್ತದೆ, ಪಕ್ಕದ ಮನೆಯವರಿಗೂ ಶಾಲೆಯವರಿಗೂ ಅನ್ವಯಿಸುತ್ತದೆ. ಆರೋಪಿ ಶಾಲೆಗೆ ಎಷ್ಟು ಕೊಠಡಿ ಕಟ್ಟಿಸಿಕೊಟ್ಟಿದ್ದಾನೆ ಎಂಬುದಕ್ಕೆ ಆ ಸೆಕ್ಷನ್ನಿನಲ್ಲಿ ಜಾಗ ಇಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098, ದಿನದ 24 ಗಂಟೆಯೂ ಉಚಿತ.