ಗುಂಡು ಎಸೆಯೋದು ಕಲಿಸೋರು ಯಾರ ನೌಕರರು?

ಅಂತರ ಕಾಲೇಜು ಕ್ರೀಡಾಕೂಟ ಹತ್ತಿರ ಬಂದಾಗಲೆಲ್ಲ ಕಲಬುರಗಿಯಲ್ಲಿ ಇದೇ ಮಾತು. ಗುಂಡು, ಡಿಸ್ಕಸ್, ಜಾವೆಲಿನ್ ಎಸೆಯುವ ಹುಡುಗರಿದ್ದಾರೆ, ಹೇಳಿಕೊಡೋರು ಯಾರು? ಕಾಲೇಜನ್ನು ಕೇಳಿದರೆ ವಿಶ್ವವಿದ್ಯಾಲಯದ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಕೇಳಿದರೆ ಕ್ರೀಡಾ ಇಲಾಖೆಯ ಕಡೆ. ಯಾರ ಮಾತೂ ಸುಳ್ಳಲ್ಲ, ಅದೇ ಗೋಜಲು.

ಹಳೇ ಕಥೆ ಬೇಗ ಮುಗಿಯುತ್ತದೆ. 1956ರವರೆಗೆ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು. ಆಮೇಲೆ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬಂದವು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿತು. ತೋಳಿನ ಬಲಕ್ಕಂತೂ ಇಲ್ಲಿ ಬರ ಇರಲಿಲ್ಲ. ಊರೂರಲ್ಲಿ ತಾಲೀಮು ಇತ್ತು, ಜಾತ್ರೆಯಲ್ಲಿ ಕಲ್ಲು ಎತ್ತುವ ಪೈಲ್ವಾನರಿದ್ದರು. ಆದರೆ ಎತ್ತೋದು ಬೇರೆ, ಎಸೆಯೋದು ಬೇರೆ. ಎಸೆತ ಕಲಿಸೋದನ್ನೇ ಓದಿ ಬರಬೇಕು ಅಂದರೆ 1961ರಲ್ಲಿ ಶುರುವಾದ, ಪಂಜಾಬಿನ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಂಥ ಕಡೆ ಹೋಗಬೇಕಿತ್ತು. ಇಲ್ಲಿಂದ ಪಟಿಯಾಲ ಎಷ್ಟು ದೂರ ಅಂತ ಹೇಳಬೇಕಿಲ್ಲ ಅಲ್ವಾ?

ನಾನು ಕಂಡದ್ದು ತೊಂಬತ್ತರ ದಶಕದ ಕೊನೆ. ನಮ್ಮ ಕಾಲೇಜಿನ ಸರ್ ಕಾಗದದ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕರು. ಹಗಲೆಲ್ಲ ಅಡ್ಮಿಷನ್ ಫಾರ್ಮು, ಪರೀಕ್ಷೆ ಡ್ಯೂಟಿ, ಆಗಸ್ಟ್ ಹದಿನೈದರ ಪರೇಡು. ಕೋಚ್ ಆಗೋದು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಆ ಎರಡು ಗಂಟೆಗೆ ಯಾವ ಆದೇಶವೂ ಇರಲಿಲ್ಲ.

ಗುಂಡು ಎಸೆಯುವ ವೃತ್ತದ ಅಡ್ಡಳತೆ 2.135 ಮೀಟರ್. ಸಿಮೆಂಟಿಗೆ ದುಡ್ಡಿಲ್ಲ ಅಂತ ನಮ್ಮಲ್ಲಿ ಅದಕ್ಕೆ ಶಹಾಬಾದ್ ಪರಸಿ ಹಾಸಿದ್ದರು. ಮನೆ ಪಡಸಾಲೆಗೆ ಅದಕ್ಕಿಂತ ಒಳ್ಳೆ ಕಲ್ಲಿಲ್ಲ. ಆದರೆ ಇಬ್ಬನಿ ಬಿದ್ದರೆ ಪಾಚಿ ಕಟ್ಟಿದ ಹಾಗೆ ಜಾರುತ್ತಿತ್ತು. ಒಬ್ಬ ಹುಡುಗ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ ಮೇಲೆ ಸರ್ ಬೀಸುಕಲ್ಲಿಗೆ ಉಳಿ ಹೊಡೆಯುವವರನ್ನು ಕರೆಸಿ ಕಲ್ಲನ್ನು ಒರಟು ಮಾಡಿಸಿದರು. ಬಿಲ್ಲು ವಾಪಸ್ ಬಂತು. ಇದು ಕ್ರೀಡಾ ಸಾಮಗ್ರಿಯಲ್ಲ, ಕಟ್ಟಡ ಕಾಮಗಾರಿ ಅಂತ ಷರಾ. ದುಡ್ಡು ಅವರ ಜೇಬಿನಿಂದಲೇ ಹೋಯಿತು.

ಗುಂಡು ಬೀಳಬೇಕಾದ ಜಾಗದ ಕೋನ 34.92 ಡಿಗ್ರಿ. ಅದನ್ನು ಅಳೆಯೋಕೆ ಸರ್ ಹತ್ತಿರ ಇದ್ದದ್ದು ಒಂದು ಹಗ್ಗ. ವೃತ್ತದ ನಡುವಿನಿಂದ ಎರಡು ಕಡೆಗೂ 20 ಮೀಟರ್ ಎಳೆದು, ಆ ಎರಡು ತುದಿಗಳ ನಡುವೆ 12 ಮೀಟರ್ ಬರುವ ಹಾಗೆ ನಿಲ್ಲಿಸಿದರೆ ಕೋನ ತಾನಾಗಿಯೇ ಸರಿ ಬರುತ್ತದೆ. ಆಚೆಗೆಲ್ಲ ಕರಿ ಎರೆ ಮಣ್ಣು. ಮಳೆಗಾಲದಲ್ಲಿ 7.26 ಕೆಜಿ ಗುಂಡು ಬಿದ್ದರೆ ಹೂತೇ ಹೋಗುತ್ತಿತ್ತು. ಪ್ರತಿ ಸಲ ಕಿತ್ತು, ತೊಳೆದು, ಒರೆಸಿ ತರಬೇಕು. ಬೇಸಿಗೆಯಲ್ಲಿ ನೆಲ ಕೈ ತೂರುವಷ್ಟು ಬಿರುಕು ಬಿಡುತ್ತಿತ್ತು.

ಹಿಂದಕ್ಕೆ ಮುಖ ಮಾಡಿ ಜಾರಿ ಬಂದು ಎಸೆಯುವ ಗ್ಲೈಡ್ ಒಂದನ್ನೇ ಅವರು ಕಲಿಸಿದ್ದು. ಸೋವಿಯತ್ತಿನ ಬಾರಿಶ್ನಿಕೋವ್ 1976ರಲ್ಲೇ ಗಿರ್ರನೆ ತಿರುಗಿ ಎಸೆದು 22 ಮೀಟರ್ ಮುಟ್ಟಿದ್ದು ಅವರಿಗೆ ಗೊತ್ತಿತ್ತು. ಆ ಕಲ್ಲಿನ ಮೇಲೆ ತಿರುಗೋಕೆ ಬಿಡಲಿಲ್ಲ, ಅಷ್ಟೇ. ಅವರ ಪಾಠವೆಲ್ಲ ಒಂದೇ ಮಾತು: "ಕೈಲೆ ಒಗೀಬ್ಯಾಡೋ ತಮ್ಮಾ, ಕಾಲ್ಲೆ ಒಗಿ."

ಜಾವೆಲಿನ್ ಕಥೆ ಇನ್ನೂ ಬೇರೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹಾನ್ 104.80 ಮೀಟರ್ ಎಸೆದ. ಹೀಗೇ ಹೋದರೆ ಮೈದಾನ ಸಾಲಲ್ಲ ಅನ್ನೋ ಭಯ ಬಂದು, 1986ರಿಂದ ಗಂಡಸರ ಜಾವೆಲಿನ್ನಿನ ತೂಕದ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಳ್ಳಿದರು. ಮೂತಿ ಬೇಗ ಕೆಳಗೆ ಬರಲಿ ಅಂತ. ನಮ್ಮ ಸ್ಟೋರ್ ರೂಮಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಅಲ್ಲಿದ್ದದ್ದು ಬಿದಿರಿನವು. ಲೋಹದ್ದನ್ನು ಹುಡುಗರು ಮೊದಲು ಮುಟ್ಟಿದ್ದು ಸ್ಪರ್ಧೆಯ ದಿನವೇ.

ಇನ್ನು ಅರ್ಹತೆ. ಕಾಲೇಜಿನ ಕಾಯಂ ಹುದ್ದೆಗೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಎಡ್., ಜೊತೆಗೆ ನೆಟ್, ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆಯೋ ಪಿಎಚ್‌ಡಿಯೋ ಬೇಕು. ಕೋಚಿಂಗ್ ಡಿಪ್ಲೊಮಾ ಒಂದೇ ಇದ್ದರೆ ಸಾಲದು. ಕಾಯಂ ಆದವರಿಗೆ ಡಿಸ್ಕಸ್ ಹಿಡಿಯೋದು ಬರಲೇಬೇಕು ಅಂತ ಎಲ್ಲೂ ಬರೆದಿಲ್ಲ. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಬಂದು ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು, ಒಳ್ಳೇದೇ ಆಯಿತು. ಆದರೆ ಮೀಸಲಿಡೋಕೆ ಮೊದಲು ಹುದ್ದೆ ಇರಬೇಕಲ್ಲ? ಖಾಲಿ ಜಾಗಕ್ಕೆ ಅತಿಥಿ ಬೋಧಕರನ್ನು ಕರೆದುಕೊಂಡ ಕಡೆ ಸೆಮಿಸ್ಟರ್ ಮುಗಿದರೆ ಗೌರವಧನವೂ ಮುಗಿಯುತ್ತದೆ. ಒಬ್ಬ ಎಸೆತಗಾರ ತಯಾರಾಗೋಕೆ ನಾಲ್ಕೈದು ವರ್ಷ ಬೇಕು.

ಈ ನಡುವೆ ವಿಶ್ವವಿದ್ಯಾಲಯವೂ ಹೋಳಾಯಿತು. 2010ರಲ್ಲಿ ಬಳ್ಳಾರಿ, ಕೊಪ್ಪಳ ಬೇರೆಯಾದವು. ಆಮೇಲೆ ರಾಯಚೂರು, ಯಾದಗಿರಿ ಒಂದಾಗಿ ಹೊರಟವು. 2023ರಲ್ಲಿ ಬೀದರಿಗೂ ತನ್ನದೇ ಆಯಿತು. ಮೊದಲು ಐದಾರು ಜಿಲ್ಲೆಯ ಹುಡುಗರ ಎದುರು ಗೆದ್ದರೆ ಪದಕ. ಈಗ ಮೂರು ಎಸೆತ ನೆಟ್ಟಗೆ ಬಿದ್ದರೆ ಸಾಕು ಅನ್ನೋ ಹಾಗಾಗಿದೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಜಾಸ್ತಿ ಹುಡುಗರು ಹೋಗುತ್ತಾರೆ ಅನ್ನೋದೂ ನಿಜ. ಅಲ್ಲಿ ಹೋಗಿ ಎಷ್ಟು ದೂರ ಎಸೆಯುತ್ತಾರೆ ಅನ್ನೋದು ಬೇರೆ ಮಾತು.

2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದ ಮೇಲೆ ಜಾವೆಲಿನ್ ಕೇಳಿಕೊಂಡು ಬರುವ ಹುಡುಗರು ಹೆಚ್ಚಾದರು. ಅದಕ್ಕೂ ಮೊದಲು, 2014ರ ಕಾಮನ್‌ವೆಲ್ತ್ ಕೂಟದಲ್ಲಿ ಮೈಸೂರಲ್ಲಿ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್‌ನಲ್ಲಿ ಚಿನ್ನ ಗೆದ್ದಾಗ ಇಲ್ಲಿ ಇಷ್ಟು ಸದ್ದಾಗಿರಲಿಲ್ಲ. ಅವರು ಬೆಳೆದದ್ದು ಅಮೆರಿಕದಲ್ಲಿ. ಮನೆಯಲ್ಲೇ ಕೋಚ್ ಇದ್ದರು, ತಂದೆ.

ನಮ್ಮ ಸರ್ ನಿವೃತ್ತರಾಗಿದ್ದಾರೆ. ಅವರ ಜಾಗದಲ್ಲಿ ಈಗ ಅತಿಥಿಯಾಗಿ ಇರುವವರು ಹ್ಯಾಂಡ್‌ಬಾಲ್ ಆಟಗಾರ. ಒಳ್ಳೆಯ ಮನುಷ್ಯ, ಬರದೇ ಇದ್ದದ್ದನ್ನು ಬರುತ್ತೆ ಅನ್ನೋರಲ್ಲ. ಹುಡುಗರ ಎಸೆತವನ್ನು ಮೊಬೈಲಲ್ಲಿ ಹಿಡಿದು ಸರ್‌ಗೆ ಕಳಿಸುತ್ತಾರೆ. ಹೆಚ್ಚಿನ ವಿಡಿಯೊಗಳಲ್ಲಿ ಕಾಣೋದು ತೋಳು, ಮುಖ. ಕಾಲು ಕಾಣುವ ಹಾಗೆ ಇನ್ನೊಮ್ಮೆ ತೆಗೀರಿ ಅಂತ ಸರ್ ವಾಪಸ್ ಕಳಿಸುತ್ತಾರೆ.