ಮಡ್ಡಿ ಭೂಮಿ ನಿಜವಾಗಲೂ ಖಾಲಿ ಇದೆಯಾ?

ಪ್ರಶ್ನೆ: ಕಲಬುರಗಿ ಕಡೆ ನಮ್ಮೂರ ಹೊರಗಿನ ಮಡ್ಡಿಯಲ್ಲಿ ಮರವೂ ಇಲ್ಲ, ಬೆಳೆಯೂ ಇಲ್ಲ. ಅಲ್ಲಿ ಸೋಲಾರ್ ಹಾಕಿದರೆ ಹಕ್ಕಿಗಳಿಗೆ ಏನು ತೊಂದರೆ?

ತೊಂದರೆ ಇದೆ, ಅದೂ ಜಾಸ್ತಿಯೇ ಇದೆ. ಬಯಲೇ ಬೇಕು ಅನ್ನುವ ಹಕ್ಕಿಗಳು ಬಹಳ ಇವೆ. ಅಲ್ಲಿ ಸಸಿ ನೆಟ್ಟು ಕಾಡು ಮಾಡಿದರೂ ಅವು ಜಾಗ ಬಿಡುತ್ತವೆ.

ಟಿಟ್ಟಿಭವನ್ನೇ ನೋಡಿ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ಒಂದಷ್ಟು ಹರಳು, ನಡುವೆ ಸಾಮಾನ್ಯವಾಗಿ 4 ಮೊಟ್ಟೆ. ಮೊಟ್ಟೆಗೆ ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರ ನಿಂತರೂ ಕಲ್ಲು ಯಾವುದು, ಮೊಟ್ಟೆ ಯಾವುದು ಗೊತ್ತಾಗುವುದಿಲ್ಲ. ಇನ್ನು ನೆಲ ಸಮ ಮಾಡಲು ಬಂದ ಜೆಸಿಬಿಯವರಿಗೆ ಹೇಗೆ ಕಾಣಬೇಕು? ಅವು ಹೆಚ್ಚಾಗಿ ಮೊಟ್ಟೆ ಇಡುವುದು ಬೇಸಿಗೆಯಿಂದ ಮಳೆಗಾಲದವರೆಗೆ. ನೆಲಗುಬ್ಬಿ, ಗೌಜಲಹಕ್ಕಿಯ ಸಂಸಾರವೂ ನೆಲದ ಮೇಲೆಯೇ.

ಚಳಿಗಾಲಕ್ಕೆ ಮಧ್ಯ ಏಷ್ಯಾ ಕಡೆಯಿಂದ ಸೆಳೆವ ಎಂಬ ಬೇಟೆಹಕ್ಕಿ ಬರುತ್ತದೆ. ಹಗಲು ಹೊಲದ ಮೇಲೆ ತಗ್ಗಾಗಿ ಹಾರುತ್ತಾ ಮಿಡತೆ, ಇಲಿ ಹಿಡಿಯುತ್ತದೆ. ರಾತ್ರಿ ಹುಲ್ಲಿನ ನಡುವೆ ಗುಂಪಾಗಿ ಮಲಗುತ್ತದೆ. ತೊಗರಿ ಬೆಳೆಯುವವರಿಗೆ ಹಕ್ಕಿಯ ಬೆಲೆ ನಾನು ಹೇಳಬೇಕಾಗಿಲ್ಲ. ಕಾಯಿಕೊರಕದ ಹುಳು ತಿನ್ನಲಿ ಅಂತಲೇ ಹೊಲದಲ್ಲಿ ಹಕ್ಕಿ ಕೂರಲು ಕೋಲು ನೆಡುತ್ತೇವೆ, ಅಲ್ವಾ? ಬೀದರ್ ಕಡೆಯ ಕೃಷ್ಣಮೃಗಕ್ಕೂ ಇಂಥ ಹುಲ್ಲುಬಯಲೇ ಆಸರೆ.

ಪ್ಯಾನಲ್ ಹಾಕಿದರೆ ಜಾಗಕ್ಕೆ ಬೇಲಿ ಬರುತ್ತದೆ, ಕರೆಂಟಿನ ತಂತಿಯೂ ಬರುತ್ತದೆ. ತಂತಿಯ ಕಥೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ಹಕ್ಕಿಯಿಂದ ತಿಳಿಯುತ್ತದೆ. ಭಾರದ ಹಕ್ಕಿ, ಮುಂದಿನದು ಸರಿಯಾಗಿ ಕಾಣುವುದಿಲ್ಲ, ಹತ್ತಿರ ಬಂದ ಮೇಲೆ ತಟ್ಟನೆ ತಿರುಗಲೂ ಆಗುವುದಿಲ್ಲ. ರಾಜಸ್ಥಾನ, ಗುಜರಾತಿನಲ್ಲಿ ಅದು ತಂತಿಗೆ ಬಡಿದು ಸಾಯುತ್ತಿರುವುದರಿಂದಲೇ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2021ರಲ್ಲಿ ತಂತಿ ನೆಲದಡಿ ಹಾಕಲು ಆದೇಶವಾಯಿತು. 2024ರಲ್ಲಿ ಅದನ್ನು ಸಡಿಲಿಸಲಾಯಿತು. ಯಾದಗಿರಿಯ ಬೋನಾಳ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯಲ್ಲಿ ತಂಗಿ ಹೊಲಕ್ಕೆ ಮೇಯಲು ಹೋಗುತ್ತವೆ. ಆ ದಾರಿಯಲ್ಲಿ ತಂತಿ ಎಳೆಯುವ ಮುಂಚೆ ಹತ್ತು ಸಲ ಯೋಚಿಸಬೇಕು.

ನನಗೆ ಹೆಚ್ಚು ಬೇಸರ ತರಿಸುವುದು ಇನ್ನೊಂದು. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸೋಲಾರ್ ಪ್ಯಾನಲ್ ಯೋಜನೆಗೆ ಮುಂಚಿತ ಅನುಮತಿ ಬೇಕಿಲ್ಲ. ಪಹಣಿಯಲ್ಲಿ ಖರಾಬು ಅಂತ ಬರೆದಿದ್ದರೆ ಅಲ್ಲಿ ಯಾರು ಬದುಕಿದ್ದಾರೆ ಎಂದು ಕೇಳುವವರೇ ಇರುವುದಿಲ್ಲ.

ಸೋಲಾರ್ ಬೇಡ ಎನ್ನುತ್ತಿಲ್ಲ. ಮೊದಲು ಮನೆ, ಕಚೇರಿ, ಗೋದಾಮುಗಳ ಮಾಳಿಗೆ ತುಂಬಲಿ. ಮಡ್ಡಿಯೇ ಬೇಕೆಂದರೆ, ಬೇಸಿಗೆಯಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಹಕ್ಕಿಗಳ ಲೆಕ್ಕ ಆಗಲಿ. ನಿಮ್ಮೂರ ಗ್ರಾಮಸಭೆಯಲ್ಲಿ ಯೋಜನೆಯ ಮಾತು ಬಂದಾಗ ಆ ಲೆಕ್ಕ ಎಲ್ಲಿದೆ ಎಂದು ಕೇಳಿ. ಬೆಳಿಗ್ಗೆ ದನ ಮೇಯಿಸಲು ಹೋಗುವವರನ್ನೂ ಆ ಸಭೆಗೆ ಕರೆದುಕೊಂಡು ಹೋಗಿ. ಯಾವ ಹಕ್ಕಿ ಎಲ್ಲಿ ಮೊಟ್ಟೆ ಇಟ್ಟಿದೆ ಎಂದು ಅವರಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿದಿರುವುದಿಲ್ಲ.