ಸಣ್ಣ ಐಕಾನ್‌ಗಳ ದೊಡ್ಡ ಓಡಾಟ

ಪುಟ ನಿಧಾನವಾಗಿದೆ ಎಂದು ಯಾರಾದರೂ ಕರೆದಾಗ ನಾನು ಮೊದಲು ತೆರೆಯುವುದು ಬ್ರೌಸರಿನ ನೆಟ್‌ವರ್ಕ್ ಟ್ಯಾಬ್, ಅಂದರೆ ಪುಟಕ್ಕಾಗಿ ಯಾವ ಫೈಲ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಪಟ್ಟಿ. ಎಷ್ಟೋ ಸಲ ಅಲ್ಲಿ ಒಂದು ಕೆಬಿಯೂ ತೂಗದ ಐಕಾನ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಬಾಣ, ಗಂಟೆ, ನಕ್ಷತ್ರ, ಭೂತಗನ್ನಡಿ. ಚಿತ್ರ ಪುಟಾಣಿ. ಆದರೆ ಸರ್ವರ್‌ಗೆ ಹೋಗಿ ಬರುವ ದಾರಿ ಎಲ್ಲದಕ್ಕೂ ಅಷ್ಟೇ ಉದ್ದ, ಅಲ್ವಾ?

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳಿಗೆ ಎಚ್‌ಟಿಟಿಪಿ ಎನ್ನುತ್ತಾರೆ. ಅದರ ಹಳೆಯ ಆವೃತ್ತಿ 1.1ರಲ್ಲಿ ಬ್ರೌಸರ್ ಒಂದು ಸರ್ವರ್ ಜೊತೆ ಒಮ್ಮೆಗೆ ಸಾಮಾನ್ಯವಾಗಿ 6 ಸಂಪರ್ಕಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. 30 ಐಕಾನ್ ಇದ್ದರೆ 5 ಸುತ್ತು. ಒಂದು ಸುತ್ತಿಗೆ 100 ಮಿಲಿಸೆಕೆಂಡ್ ಹಿಡಿದರೂ ಅರ್ಧ ಸೆಕೆಂಡ್ ಸುಮ್ನೆ ಕಾಯುವುದರಲ್ಲೇ ಹೋಯಿತು.

ಇದಕ್ಕೆ ಹಳೆಯ ಮದ್ದು ಸ್ಪ್ರೈಟ್. ಎಲ್ಲ ಐಕಾನ್‌ಗಳನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ, ಒಂದೇ ಸಲ ತರಿಸಿಕೊಳ್ಳುವುದು. ಬಟನ್ ಒಂದು ಪುಟ್ಟ ಕಿಟಕಿ ಅಂದುಕೊಳ್ಳಿ. ಅದರ ಹಿಂದೆ ಹಾಳೆಯನ್ನು ಸರಿಸಿ, ಬೇಕಾದ ಚಿತ್ರವನ್ನು ಕಿಟಕಿಗೆ ತರುತ್ತೀರಿ. ಪುಟದ ರೂಪ ಹೇಗಿರಬೇಕೆಂದು ಹೇಳುವ ಭಾಷೆ ಸಿಎಸ್‌ಎಸ್‌ನ ಬ್ಯಾಕ್‌ಗ್ರೌಂಡ್-ಪೊಸಿಷನ್ ಮಾಡುವುದು ಇದನ್ನೇ. ಹೊಸಬರು ಎಡವುವುದು ಮೈನಸ್ ಚಿಹ್ನೆಯಲ್ಲಿ. 64 ಪಿಕ್ಸೆಲ್ ಬಲಕ್ಕಿರುವ ಚಿತ್ರ ಕಾಣಬೇಕಾದರೆ ಹಾಳೆ 64 ಪಿಕ್ಸೆಲ್ ಎಡಕ್ಕೆ ಹೋಗಬೇಕು. ಹಾಗಾಗಿ ಮೈನಸ್ 64.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಬೇರೆ ಲಾಭ. ಮೌಸ್ ಇಟ್ಟಾಗ ಬಣ್ಣ ಬದಲಾಗುವ ಬಟನ್‌ಗೆ ಎರಡನೇ ಚಿತ್ರ ಆಗಲೇ ಹಾಳೆಯಲ್ಲಿರುತ್ತದೆ. ಅದು ಬರುವವರೆಗೆ ಬಟನ್ ಖಾಲಿಯಾಗಿ ಮಿನುಗುವ ಕಾಟವೇ ಇಲ್ಲ.

2015ರಲ್ಲಿ ಎಚ್‌ಟಿಟಿಪಿ 2 ಬಂತು. ಒಂದೇ ಸಂಪರ್ಕದಲ್ಲಿ ಹತ್ತಾರು ಫೈಲ್‌ಗಳು ಒಟ್ಟಿಗೆ ಹರಿಯತೊಡಗಿದವು. ಹೀಗಾಗಿ ಸ್ಪ್ರೈಟ್‌ನಿಂದ ಉಳಿಯುವ ಸಮಯ ಈಗ ಮೊದಲಿನಷ್ಟಿಲ್ಲ. ಮೊದಲು ನಿಮ್ಮ ಸರ್ವರ್ ಯಾವುದನ್ನು ಬಳಸುತ್ತಿದೆ ನೋಡಿ, ಆಮೇಲೆ ಕೈ ಹಾಕಿ. ಹೊಸದಾಗಿ ಶುರುಮಾಡುವವರಿಗೆ ನಾನು ಎಸ್‌ವಿಜಿ ಹಾಳೆಯನ್ನೇ ಹೇಳುತ್ತೇನೆ. ಅದು ಚಿತ್ರವನ್ನು ಪಿಕ್ಸೆಲ್‌ಗಳ ಬದಲು ಗೆರೆ, ಆಕಾರಗಳಾಗಿ ಬರೆದಿಡುವ ಬಗೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗುವುದಿಲ್ಲ.

ಸೈಟಿನ ಅಷ್ಟೂ ಚಿತ್ರಗಳನ್ನು ಒಂದೇ ಹಾಳೆಗೆ ತುರುಕುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. 2000ಕ್ಕೆ 2000 ಪಿಕ್ಸೆಲ್‌ನ ಪಿಎನ್‌ಜಿ ಫೈಲ್ ಚಿಕ್ಕದಾಗಿರಬಹುದು. ಬಿಚ್ಚಿಕೊಂಡಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ 16 ಎಂಬಿ ಮೆಮೊರಿ ನುಂಗುತ್ತದೆ. ಒಂದು ಐಕಾನ್ ತಿದ್ದಿದರೂ ಓದುಗರು ಇಡೀ ಹಾಳೆಯನ್ನು ಮತ್ತೆ ಇಳಿಸಿಕೊಳ್ಳಬೇಕು. ಒಂದೇ ಪುಟದಲ್ಲಿ ಒಟ್ಟಿಗೆ ಕಾಣುವ, ಅಪರೂಪಕ್ಕೆ ಬದಲಾಗುವ ಐಕಾನ್‌ಗಳನ್ನಷ್ಟೇ ಸೇರಿಸಿ. ನಡುವೆ ಎರಡು ಪಿಕ್ಸೆಲ್ ಜಾಗ ಬಿಡಿ, ಇಲ್ಲದಿದ್ದರೆ ಝೂಮ್ ಮಾಡಿದಾಗ ಪಕ್ಕದ ಚಿತ್ರದ ಗೆರೆ ಇಣುಕುತ್ತದೆ.

ಇನ್ನೊಂದು ಮಾತು. ಪರದೆಯಲ್ಲಿರುವುದನ್ನು ದನಿಯಲ್ಲಿ ಹೇಳುವ ತಂತ್ರಾಂಶ, ಸ್ಕ್ರೀನ್ ರೀಡರ್, ಹಿನ್ನೆಲೆ ಚಿತ್ರವನ್ನು ಓದಿ ಹೇಳುವುದಿಲ್ಲ. ಬರೀ ಭೂತಗನ್ನಡಿ ಇರುವ ಬಟನ್‌ಗೆ ‘ಹುಡುಕಿ’ ಎಂಬ ಏರಿಯಾ-ಲೇಬಲ್, ಅಂದರೆ ಸ್ಕ್ರೀನ್ ರೀಡರ್ ಓದಲೆಂದು ಕೋಡ್‌ನಲ್ಲಿ ಬರೆಯುವ ಹೆಸರು, ಕೊಡಿ. ಕಣ್ಣು ಕಾಣದವರಿಗೆ ಆ ಬಟನ್ ಏನೆಂದು ಗೊತ್ತಾಗುವುದು ಅದರಿಂದಲೇ.